ಹೂವಿನ ಮಕರಂದದಲ್ಲಿ ಸಕ್ಕರೆ ಎಷ್ಟು? ಅಳೆದು ನೋಡೋಣ

[ದೃಶ್ಯ: ಬಾಳೆ ಮೂತಿ, ಹೂವಿನ ಸಾಲಿನ ಮೇಲೆ ತುಡುವೆ ಜೇನು]

ನಮಸ್ಕಾರ. ಬಾಳೆ ಮೂತಿಯ ಹೂ ಕಿತ್ತು ಚೀಪಿದವರಿಗೆ ಮಕರಂದ ಸಿಹಿ ಅಂತ ಗೊತ್ತು. ಎಷ್ಟು ಸಿಹಿ? ಅದನ್ನು ಅಂಕಿಯಲ್ಲಿ ಹೇಳಬಹುದು.

[ದೃಶ್ಯ: ಕೈಯಲ್ಲಿ ರಿಫ್ರ್ಯಾಕ್ಟೋಮೀಟರ್]

ಇದು ರಿಫ್ರ್ಯಾಕ್ಟೋಮೀಟರ್. ಮಂಡ್ಯ ಕಡೆಯ ಕಬ್ಬು ಬೆಳೆಗಾರರಿಗೆ ಹೊಸದೇನಲ್ಲ, ಕಬ್ಬಿನ ಹಾಲಿನ ಬ್ರಿಕ್ಸ್, ಅಂದರೆ ಸಕ್ಕರೆಯ ಪ್ರಮಾಣ, ನೋಡೋದು ಇದರಲ್ಲೇ. ಗಾಜಿನ ಮೇಲೆ ಹಾಕಿದ ಹನಿಯಲ್ಲಿ ಸಕ್ಕರೆ ಹೆಚ್ಚಿದಷ್ಟೂ ಬೆಳಕು ಜಾಸ್ತಿ ಬಾಗುತ್ತದೆ. ಒಳಗೆ ಕಾಣುವ ನೆರಳಿನ ಗೆರೆ ಯಾವ ಅಂಕಿಯ ಮೇಲೆ ನಿಂತಿದೆಯೋ ಅದೇ ಬ್ರಿಕ್ಸ್. ಕೊಳ್ಳುವಾಗ ಮಾತ್ರ ಹುಷಾರು. ಜೇನುತುಪ್ಪಕ್ಕೆಂದು ಮಾರುವ ಮಾದರಿಯ ಅಳತೆ ಸಾಮಾನ್ಯವಾಗಿ 58ರಿಂದ ಶುರುವಾಗುತ್ತದೆ. ಹೆಚ್ಚಿನ ಹೂಗಳ ಮಕರಂದ ಅಷ್ಟು ಗಟ್ಟಿ ಇರೋದಿಲ್ಲ. 0ಯಿಂದ 50ರವರೆಗಿನದು ತಗೊಳ್ಳಿ.

[ದೃಶ್ಯ: ಮೂತಿಗೆ ಬಲೆ ಚೀಲ ಕಟ್ಟುವುದು, ನಂತರ ಗಾಜಿನ ಕೊಳವೆ]

ಹಿಂದಿನ ಸಂಜೆಯೇ ಸಣ್ಣ ಕಣ್ಣಿನ ಬಲೆ ಚೀಲ ಕಟ್ಟಿಡಿ. ಇಲ್ಲದಿದ್ದರೆ ರಾತ್ರಿ ಬಾವಲಿ, ಬೆಳಗ್ಗೆ ಸೂರಕ್ಕಿ ಬಂದು ನಿಮಗಿಂತ ಮೊದಲೇ ಖಾಲಿ ಮಾಡಿರುತ್ತವೆ! ಬಿಸಿಲೇರುವ ಮುಂಚೆ ಮಕರಂದ ತೆಗೆಯಿರಿ, ತಡವಾದರೆ ನೀರು ಆರಿ ಅಂಕಿ ಏರುತ್ತದೆ. ಸಪೂರ ಕ್ಯಾಪಿಲರಿ ಕೊಳವೆಯನ್ನು ಹೂವಿನ ಬುಡಕ್ಕೆ ತಾಗಿಸಿದರೆ ಸಾಕು, ಮಕರಂದ ತಾನಾಗಿ ಏರುತ್ತದೆ. ಪೂರ್ತಿ ಕೊಳವೆ ಎಷ್ಟು ಹಿಡಿಯುತ್ತದೆ ಅಂತ ಗೊತ್ತಿದ್ದರೆ, ಎಷ್ಟು ಉದ್ದಕ್ಕೆ ಏರಿತು ಅಂತ ಸ್ಕೇಲಿನಲ್ಲಿ ಅಳೆದು ಎಷ್ಟು ಮೈಕ್ರೋಲೀಟರ್ (ಮಿಲಿಲೀಟರಿನ ಸಾವಿರದಲ್ಲೊಂದು ಭಾಗ) ಅನ್ನೋದು ಲೆಕ್ಕ ಹಾಕಬಹುದು. ಬಾಳೆಯಲ್ಲಿ ಮಕರಂದ ಧಾರಾಳ, ಅದಕ್ಕೇ ಇದನ್ನು ಆರಿಸಿದ್ದು. ತುಳಸಿಯಂಥ ಪುಟ್ಟ ಹೂವಿಗೆ ತೀರಾ ಸಣ್ಣ ಹನಿಯನ್ನೂ ಓದಬಲ್ಲ ಬೇರೆ ಮಾದರಿಯ ರಿಫ್ರ್ಯಾಕ್ಟೋಮೀಟರ್ ಬೇಕು.

[ದೃಶ್ಯ: ಬಿಳಿ ಹಲಗೆಯ ಮೇಲೆ ಲೆಕ್ಕ]

ಬಹಳ ಜನ ಎಡವೋದು ಇಲ್ಲಿ. ಬ್ರಿಕ್ಸ್ 50 ಅಂದರೆ 100 ಗ್ರಾಂ ದ್ರವದಲ್ಲಿ 50 ಗ್ರಾಂ ಸಕ್ಕರೆ. 100 ಮಿಲಿಲೀಟರಿನಲ್ಲಿ ಅಲ್ಲ. ನಿಮ್ಮ ಕೊಳವೆಯಲ್ಲಿ ಬ್ರಿಕ್ಸ್ 50ರ ಮಕರಂದ 2 ಮೈಕ್ರೋಲೀಟರ್ ಇದೆ ಅಂದುಕೊಳ್ಳಿ. ಅಷ್ಟೇ ನೀರಾದರೆ ತೂಕ 2 ಮಿಲಿಗ್ರಾಂ. ಸುಮ್ನೆ ಅರ್ಧ ಮಾಡಿ 1 ಮಿಲಿಗ್ರಾಂ ಸಕ್ಕರೆ ಅಂದುಬಿಟ್ಟರೆ ತಪ್ಪು. ಅಷ್ಟು ಸಕ್ಕರೆ ಕರಗಿದ ದ್ರವ ನೀರಿಗಿಂತ 1.23 ಪಟ್ಟು ಭಾರ. ಹಾಗಾಗಿ ತೂಕ 2.46 ಮಿಲಿಗ್ರಾಂ, ಅದರಲ್ಲಿ ಅರ್ಧ 1.23. ಸಣ್ಣ ವ್ಯತ್ಯಾಸ ಅಲ್ಲ, ಅಲ್ವಾ? ವಿಜ್ಞಾನಿಗಳೂ ಈ ತಪ್ಪು ಮಾಡುತ್ತಿದ್ದರು. 1979ರಲ್ಲಿ ಬೋಲ್ಟನ್ ಮತ್ತು ಸಂಗಡಿಗರು ಅದನ್ನು ಎತ್ತಿ ತೋರಿಸಿದರು.

[ದೃಶ್ಯ: ಗಾಜಿನ ಮೇಲ್ಮೈ ಒರೆಸುವುದು]

ಇನ್ನೊಂದು ಮಾತು. ಬ್ರಿಕ್ಸ್ ಲೆಕ್ಕ ಎಲ್ಲವನ್ನೂ ಸುಕ್ರೋಸ್, ಅಂದರೆ ನಾವು ಬಳಸುವ ಮಾಮೂಲಿ ಸಕ್ಕರೆ, ಅಂತಲೇ ಹಿಡಿಯುತ್ತದೆ. ಮಕರಂದದಲ್ಲಿ ಗ್ಲೂಕೋಸ್, ಫ್ರಕ್ಟೋಸ್, ಜೊತೆಗೆ ಚೂರು ಅಮೈನೋ ಆಮ್ಲಗಳೂ ಇರುತ್ತವೆ. ಯಾವುದು ಎಷ್ಟು ಅಂತ ಬಿಡಿಸಿ ನೋಡಲು ಪ್ರಯೋಗಾಲಯದ ಕ್ರೊಮ್ಯಾಟೋಗ್ರಫಿಯೇ ಬೇಕು. ಒಂದು ಹೂ ಮುಗಿದ ಮೇಲೆ ಗಾಜನ್ನು ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮುಂದಿನ ಹನಿ ಹಾಕಿ.