ಹದವೋ, ಸರ್ವಸ್ವವೋ? ಬೆನೆಡಿಕ್ಟರ ಅಳತೆಗೋಲು

ಆತ್ಮೀಯರೇ,

ಕ್ರಿಸ್ತನನ್ನು ಹಿಂಬಾಲಿಸುವವರು ಎಲ್ಲವನ್ನೂ ಬಿಟ್ಟು ಹೊರಡಬೇಕೋ, ಮನೆ, ಉದ್ಯೋಗ, ಪ್ರಾರ್ಥನೆ ಮೂರನ್ನೂ ಹದವಾಗಿ ತೂಗಿಸಿಕೊಂಡು ಹೋದರೆ ಸಾಕೋ? ಈ ಜಗಳದಲ್ಲಿ ಎರಡೂ ಪಕ್ಷದವರ ಕೈಯಲ್ಲಿ ವಚನ ಇರುತ್ತದೆ. ಮೊದಲ ಪಕ್ಷ ಲೂಕನ 18ನೇ ಅಧ್ಯಾಯ ತೆರೆಯುತ್ತದೆ. ಅಲ್ಲಿ ಐಶ್ವರ್ಯವಂತ ಅಧಿಕಾರಿಗೆ ಯೇಸುಸ್ವಾಮಿ ಹೇಳಿದ್ದು, ಇರುವುದನ್ನೆಲ್ಲ ಮಾರಿ ಬಡವರಿಗೆ ಹಂಚು ಎಂದು. ಎರಡನೆಯ ಪಕ್ಷ ಒಂದೇ ಹಾಳೆ ಮುಂದಕ್ಕೆ ತಿರುವುತ್ತದೆ. 19ನೇ ಅಧ್ಯಾಯದಲ್ಲಿ ಜಕ್ಕಾಯ ಕೊಡುತ್ತೇನೆಂದದ್ದು ಆಸ್ತಿಯ ಅರ್ಧ ಮಾತ್ರ. ಉಳಿದರ್ಧ ಎಲ್ಲಿ ಎಂದು ಯೇಸು ಕೇಳಲಿಲ್ಲ, ಈ ಮನೆಗೆ ಇಂದೇ ರಕ್ಷಣೆ ಬಂತು ಎಂದರು. (ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದೂ ಅವನು ಹೇಳಿದ್ದ. ಸುಂಕದವರ ಮುಖ್ಯಸ್ಥನೊಬ್ಬ ಆ ಮಾತು ನಡೆಸಿದರೆ ಉಳಿದ ಅರ್ಧದಲ್ಲಿ ಎಷ್ಟು ಉಳಿದೀತು, ನೀವೇ ಲೆಕ್ಕ ಹಾಕಿ.)

ಅದೇ ಲೂಕನ 14ನೇ ಅಧ್ಯಾಯವನ್ನು ಮಾತ್ರ ಎರಡೂ ಪಕ್ಷ ಅರ್ಧರ್ಧ ಓದುತ್ತವೆ. 27ನೇ ವಚನ ಶಿಲುಬೆ ಹೊರಬೇಕು ಅನ್ನುತ್ತದೆ. 33ನೇ ವಚನ ತನಗಿರುವುದನ್ನೆಲ್ಲ ಬಿಡದವನು ಶಿಷ್ಯನಾಗಲಾರ ಅನ್ನುತ್ತದೆ. ಇವೆರಡರ ನಡುವೆ, 28ರಲ್ಲಿ, ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ. ಸರ್ವಸ್ವ ಕೊಡು ಅನ್ನುವ ಮಾತಿನ ಹೊಟ್ಟೆಯೊಳಗೇ ಲೆಕ್ಕದ ಪುಸ್ತಕ ಇದೆ. ಇಲ್ಲಿಂದ ನನಗೆ ಕಾಣುವುದು ಇಷ್ಟು: ಅಳತೆ ಇರಬೇಕಾದ ವಿಷಯಗಳೇ ಬೇರೆ, ಅಳತೆ ಸಲ್ಲದ ವಿಷಯಗಳೇ ಬೇರೆ. ಇವು ಅದಲುಬದಲಾದಾಗಲೇ ಅನಾಹುತ.

ಹದ ಎಂದಕೂಡಲೇ ಪ್ರಕಟನೆ 3ರ 'ಉಗುರುಬೆಚ್ಚಗಿನ' ಲವೊದಿಕೀಯ ಪಟ್ಟಣದ ಸಭೆಯನ್ನು ಎತ್ತಿ ಹೊಡೆಯುವವರಿಗೆ ಒಂದು ಮಾತು. ಆ ವಚನ ತಣ್ಣಗಾದರೂ ಇರು, ಬಿಸಿಯಾದರೂ ಇರು ಅನ್ನುತ್ತದೆ. ಹತ್ತಿರದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳು, ಕೊಲೊಸ್ಸೆಯಲ್ಲಿ ತಣ್ಣನೆಯ ನೀರು; ಎರಡೂ ಉಪಯೋಗಕ್ಕೆ ಬರುವಂಥವು. ಹಾಗಾಗಿ ಅಲ್ಲಿನ ಬೈಗುಳ ಯಾರ ಕೆಲಸಕ್ಕೂ ಬಾರದಿರುವುದಕ್ಕೆ ಎಂದು ಓದುವುದೇ ಸರಿ. ಮಿತಾಹಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಚರಿತ್ರೆಗೆ ಬರೋಣ. ಸುಮಾರು 270ರಲ್ಲಿ ಈಜಿಪ್ಟಿನ ಆಂಟನಿ ಎಂಬ ಯುವಕ ದೇವಾಲಯದಲ್ಲಿ ಮತ್ತಾಯ 19:21ರ ಓದು ಕೇಳಿದ. ತಂದೆತಾಯಿ ಬಿಟ್ಟುಹೋಗಿದ್ದ 300 ಅರೂರ, ಅಂದರೆ ಸರಿಸುಮಾರು 200 ಎಕರೆ ಫಲವತ್ತಾದ ಜಮೀನನ್ನು ಊರವರಿಗೆ ಕೊಟ್ಟುಬಿಟ್ಟ. ಅತಿಯ ಪಕ್ಷದವರು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅತನಾಸಿಯುಸರು ಬರೆದ ಜೀವನಚರಿತ್ರೆಯಲ್ಲಿ ಒಬ್ಬ ತಂಗಿಯೂ ಇದ್ದಾಳೆ. ಉಳಿದ ವಸ್ತುಗಳನ್ನು ಮಾರಿದಾಗ ಆಂಟನಿ ಅವಳ ಪಾಲಿಗೆಂದು ಸ್ವಲ್ಪ ಎತ್ತಿಟ್ಟ. ನಾಳೆಯ ಚಿಂತೆ ಬೇಡ ಎಂಬ ಮಾತು ಕೇಳಿದ ಮೇಲೆ ಅದನ್ನೂ ಕೊಟ್ಟ, ಆದರೆ ಅವಳನ್ನು ನಂಬಿಕಸ್ಥ ಕನ್ಯೆಯರ ವಶಕ್ಕೆ ಒಪ್ಪಿಸಿಯೇ ಮರುಭೂಮಿಯ ದಾರಿ ಹಿಡಿದ.

ಮರುಭೂಮಿಯಲ್ಲಿ ಏನು ಕೆಡುತ್ತದೆ ಎಂಬುದನ್ನು 5ನೇ ಶತಮಾನದ ಮೊದಲ ಭಾಗದಲ್ಲಿ ಮಾರ್ಸೇಯಲ್ಲಿದ್ದ ಸನ್ಯಾಸಿ ಯೋಹಾನ ಕಾಸಿಯನ್ ಬರೆದಿಟ್ಟಿದ್ದಾರೆ. ಹೆರೋನ್ ಎಂಬ ಮುದುಕ 50 ವರ್ಷ ಕಠೋರ ಉಪವಾಸದಲ್ಲಿ ಕಳೆದವನು. ಈಸ್ಟರ್ ಹಬ್ಬದ ದಿನವೂ ಉಳಿದ ಸಹೋದರರ ಪಂಕ್ತಿಗೆ ಬರುತ್ತಿರಲಿಲ್ಲ. ನಾಲ್ಕು ಕಾಳು ತಿಂದರೆ ವ್ರತ ಸಡಿಲವಾದೀತೆಂಬ ಅಂಜಿಕೆ. ಕೊನೆಗೆ ದೇವದೂತನ ವೇಷದ ಸೈತಾನನ ಮಾತು ನಂಬಿ, ತನ್ನ ಪುಣ್ಯವೇ ಕಾಪಾಡುತ್ತದೆಂದು ಆಳವಾದ ಬಾವಿಗೆ ಹಾರಿದ. ಅರೆಜೀವವಾಗಿ ಮೇಲೆತ್ತಿದ ಮೂರನೆಯ ದಿನ ಸತ್ತ. ಕಾಸಿಯನ್ ತೋರಿಸುವ ದೋಷ ಇದು: ಅವನು ಹಿರಿಯರ ಮಾತಿಗಿಂತ ತನ್ನ ತೀರ್ಮಾನವನ್ನೇ ನಂಬಿದ, ಅವನಿಗೆ ವಿವೇಚನೆ ಇರಲಿಲ್ಲ. ಅದೇ ಪುಸ್ತಕ ಕೊಡುವ ದಿನದ ಅಳತೆ ಎರಡು ಚಿಕ್ಕ ಒಣರೊಟ್ಟಿ, ಎರಡೂ ಸೇರಿ ಒಂದು ಪೌಂಡಿನ ಆಸುಪಾಸು. ಅತಿ ಉಪವಾಸ, ಹೊಟ್ಟೆಬಾಕತನ ಎರಡೂ ತಲುಪುವ ಊರು ಒಂದೇ ಎಂಬುದು ಅಲ್ಲಿನ ಹಿರಿಯರ ಮಾತು.

ಈ ಅನುಭವವನ್ನೆಲ್ಲ ಅರೆದು ಕುಡಿದವರು 6ನೇ ಶತಮಾನದಲ್ಲಿ ಇಟಲಿಯ ಮೊಂತೆ ಕಸ್ಸಿನೊದಲ್ಲಿದ್ದ ಸಂತ ಬೆನೆಡಿಕ್ಟ್. ಬೆಂಗಳೂರಿನ ಹೊರವಲಯದ ಆಶೀರ್ವನಂ ಮಠದವರೂ ಇವರು ಸನ್ಯಾಸಿಗಳಿಗೆಂದು ಬರೆದ ನಿಯಮದಡಿಯೇ ಬದುಕುತ್ತಾರೆ. 73 ಅಧ್ಯಾಯಗಳ ಆ ನಿಯಮವನ್ನು 'ಸಮತೋಲನದ ಕೈಪಿಡಿ' ಎಂದು ಹೊಗಳುವುದು ಈಗ ರೂಢಿ. ಅರ್ಧ ಮಾತ್ರ ನಿಜ.

ಅಳತೆ ಇರುವ ಕಡೆ ನೋಡಿ. ಅಡುಗೆಮನೆಯ ಅಧ್ಯಾಯ 39ನೆಯದು. ತಲೆಗೆ ದಿನಕ್ಕೆ ಧಾರಾಳವಾಗಿ ತೂಗಿದ ಒಂದು ಪೌಂಡು ರೊಟ್ಟಿ (ರೋಮನ್ ಪೌಂಡು ಇಂದಿನ ಸುಮಾರು 330 ಗ್ರಾಂ). ರಾತ್ರಿ ಊಟವೂ ಇರುವ ದಿನ ಅದರಲ್ಲಿ ಮೂರನೇ ಒಂದು ಭಾಗವನ್ನು ಉಗ್ರಾಣದವನು ಎತ್ತಿಡಬೇಕು. ಬೇಯಿಸಿದ ಎರಡು ಬಗೆ, ಏಕೆಂದರೆ ಒಂದು ಸೇರದವನು ಇನ್ನೊಂದನ್ನು ತಿನ್ನಲಿ. ಕೆಲಸ ಹೆಚ್ಚಿದ ದಿನ ಮಠಾಧಿಪತಿ ಅಳತೆ ಏರಿಸಬಹುದು. ಮುಂದಿನ ಅಧ್ಯಾಯದಲ್ಲಿ ದ್ರಾಕ್ಷಾರಸ, ದಿನಕ್ಕೆ ಒಂದು ಹೆಮಿನ. ಕಾಲು ಲೀಟರಿಗೆ ತುಸು ಮೇಲೆ. ಸನ್ಯಾಸಿಗಳಿಗೆ ದ್ರಾಕ್ಷಾರಸ ಸಲ್ಲದು, ಆದರೆ ನಮ್ಮ ಕಾಲದವರನ್ನು ಒಪ್ಪಿಸಲಾಗುವುದಿಲ್ಲವಲ್ಲ, ಹಾಗಾಗಿ ಮಿತವಾಗಿಯಾದರೂ ಕುಡಿಯೋಣ ಎಂಬ ನಿಟ್ಟುಸಿರೂ ಅಲ್ಲೇ ಇದೆ. ಪೂರ್ವಿಕರು ಒಂದೇ ದಿನದಲ್ಲಿ ಮುಗಿಸುತ್ತಿದ್ದ 150 ಕೀರ್ತನೆಗಳನ್ನು ಉಗುರುಬೆಚ್ಚಗಿನ ನಾವು ವಾರದಲ್ಲಾದರೂ ಮುಗಿಸೋಣ ಎನ್ನುತ್ತದೆ 18ನೇ ಅಧ್ಯಾಯ.

ಈಗ ಅಳತೆಯೇ ಇಲ್ಲದ ಕಡೆ. 33ನೇ ಅಧ್ಯಾಯದ ಪ್ರಕಾರ ಸ್ವಂತದ್ದು ಎಂಬುದು ಏನೂ ಇರಕೂಡದು. ಪುಸ್ತಕವಿಲ್ಲ, ಬರೆಯುವ ಹಲಗೆಯಿಲ್ಲ, ಲೇಖನಿಯೂ ಇಲ್ಲ. ಸ್ವಲ್ಪ ಇಟ್ಟುಕೊಳ್ಳಿ ಎಂಬ ರಿಯಾಯಿತಿ ಅಲ್ಲಿ ಸಿಗುವುದಿಲ್ಲ. 55ನೇ ಅಧ್ಯಾಯ ಹಾಸಿಗೆ ತಪಾಸಣೆ ಮಾಡಿಸುತ್ತದೆ, ಬಚ್ಚಿಟ್ಟದ್ದು ಸಿಕ್ಕರೆ ಶಿಕ್ಷೆ. ಆದರೆ ನೆಪಕ್ಕೆ ಎಡೆ ಕೊಡಬಾರದೆಂದು ಬೇಕಾದ್ದನ್ನೆಲ್ಲ ಮಠವೇ ಕೊಡಬೇಕು: ಮೇಲಂಗಿ, ನಿಲುವಂಗಿ, ಕಾಲುಚೀಲ, ಪಾದರಕ್ಷೆ, ನಡುಪಟ್ಟಿ, ಚಾಕು, ಲೇಖನಿ, ಸೂಜಿ, ಕೈವಸ್ತ್ರ, ಹಲಗೆ. ಎಣಿಸಿದರೆ ಹತ್ತು. ಸೂಜಿಯನ್ನೂ ಮರೆಯದ ಈ ಪಟ್ಟಿ ನನಗೆ ಬಹಳ ಇಷ್ಟ. ಹರಿದ ಬಟ್ಟೆ ಹೊಲಿದುಕೊಳ್ಳಲು ಸೂಜಿ ಇಲ್ಲದವನು ಎಲ್ಲಿಂದಲೋ ಒಂದು ಸಂಪಾದಿಸುತ್ತಾನೆ, ಅದನ್ನು ಬಚ್ಚಿಡುತ್ತಾನೆ, ಅಲ್ಲಿಂದ ಅವನ 'ಸ್ವಂತ' ಶುರು. ಹೊಟ್ಟೆಗೆ ಬಟ್ಟೆಗೆ ಹದ ಇಟ್ಟದ್ದು ತ್ಯಾಗ ಪೂರ್ತಿಯಾಗಿ ಉಳಿಯಲಿ ಎಂದೇ.

ಆಸೆಯಿಂದ ಬಂದವನನ್ನೂ ಕೂಡಲೇ ಒಳಗೆ ಬಿಡುವುದಿಲ್ಲ. ನಾಲ್ಕೈದು ದಿನ ಬಾಗಿಲಲ್ಲೇ ಕಾಯಬೇಕು. ಒಳಗೆ ಬಂದು ಎರಡು ತಿಂಗಳಾದ ಮೇಲೆ, ಮತ್ತೆ ಆರು ತಿಂಗಳಿಗೆ, ಮತ್ತೆ ನಾಲ್ಕು ತಿಂಗಳಿಗೆ ಇಡೀ ನಿಯಮವನ್ನು ಓದಿ ಹೇಳುತ್ತಾರೆ: ಇರಬಲ್ಲೆಯಾದರೆ ಇರು, ಆಗದಿದ್ದರೆ ಹೊರಡು. ಒಟ್ಟು ಒಂದು ವರ್ಷ. ಗೋಪುರದವನ ಲೆಕ್ಕ ಎಂದರೆ ಇದೇ.

ಗೃಹಸ್ಥರಿಗೆ ಇದರಿಂದ ಏನು? 18ನೇ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿಯವರ ಪ್ರಸಂಗವೊಂದರಲ್ಲಿ ಒಬ್ಬ ಆಕ್ಸ್‌ಫರ್ಡ್ ಯುವಕನ ಲೆಕ್ಕವಿದೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, ಅದೇ 28ರಲ್ಲಿ ಬದುಕಿ 32 ಕೊಟ್ಟ. ಮೂರನೆಯ ವರ್ಷ 90ರಲ್ಲಿ 62, ನಾಲ್ಕನೆಯ ವರ್ಷ 120ರಲ್ಲಿ 92. ಇದನ್ನು ನಮ್ಮ ದಶಮಾಂಶದ ಪಕ್ಕ ಇಟ್ಟು ನೋಡಿ. 120ರಲ್ಲಿ ಹತ್ತನೇ ಒಂದು ಭಾಗ ಕೊಟ್ಟವನ ಕೈಯಲ್ಲಿ 108 ಉಳಿಯುತ್ತದೆ. ದಶಮಾಂಶ ಕೊಡುವುದಕ್ಕೆ ಅಳತೆ ಹಾಕುತ್ತದೆ, ಉಳಿದದ್ದನ್ನು ಖರ್ಚು ಮಾಡಲು ಬಿಡುತ್ತದೆ. ಆ ಯುವಕ ಅಳತೆ ಹಾಕಿದ್ದು ಖರ್ಚಿಗೆ.

ಹೀಗೆ ಖರ್ಚಿಗೆ ಮಿತಿ ಹಾಕಿ ನೋಡಬೇಕೆನ್ನುವವರು ಮೊದಲು 12 ತಿಂಗಳ ಮನೆಖರ್ಚು ಬರೆದಿಡಿ. ಮೂರೇ ತಿಂಗಳು ಬರೆದರೆ ಶಾಲೆಯ ಫೀಸು, ವಿಮೆಯ ಕಂತು, ಮದುವೆ ಮುಂಜಿಯ ಉಡುಗೊರೆ ಲೆಕ್ಕದಿಂದ ತಪ್ಪಿಹೋಗುತ್ತವೆ. ನಡುವರ್ಷದಲ್ಲಿ ಸಂಕಲ್ಪ ಮುರಿದುಬೀಳುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ. ಸಾಲ ಇದ್ದರೆ ಅದರ ಕಂತೂ ಆ ಮಿತಿಯೊಳಗೇ ಬರಬೇಕು. ಮುಪ್ಪಿನ ತಂದೆತಾಯಿಯ ಔಷಧಿಯ ದುಡ್ಡನ್ನು ಮುಟ್ಟಬೇಡಿ. 'ಕೊರ್ಬಾನ್' (ದೇವರಿಗೆ ಮುಡಿಪು) ಎಂದು ದೇವರ ಹೆಸರಲ್ಲಿ ಅದನ್ನು ಎತ್ತಿಟ್ಟವರಿಗೆ ಮಾರ್ಕ 7ರಲ್ಲಿ ಯೇಸು ಏನೆಂದರೆಂದು ಓದಿಕೊಳ್ಳಿ. ಗಂಡಹೆಂಡತಿ ಇಬ್ಬರೂ ಒಪ್ಪಿದ ಮೇಲೆಯೇ ಮಿತಿ ಗೊತ್ತುಮಾಡಿ. ಪ್ರಾರ್ಥನೆಗೆಂದು ದೂರವಿರುವುದಾದರೂ ಇಬ್ಬರ ಒಪ್ಪಿಗೆಯಿಂದ, ಸ್ವಲ್ಪ ಕಾಲ ಮಾತ್ರ ಎಂದು ಪೌಲರೇ 1 ಕೊರಿಂಥ 7ರಲ್ಲಿ ಕಟ್ಟು ಹಾಕಿದ್ದಾರೆ.

ಕೊನೆಯದಾಗಿ, ಗೊತ್ತುಮಾಡಿದ್ದನ್ನು ಹಿರಿಯರೊಬ್ಬರಿಗೆ ತೋರಿಸಿ. ತಪಸ್ಸುಕಾಲದಲ್ಲಿ ಹೆಚ್ಚಿನ ವ್ರತ ಹಿಡಿಯುವವನು ಮಠಾಧಿಪತಿಯ ಒಪ್ಪಿಗೆ ಪಡೆಯದಿದ್ದರೆ ಅದು ಅಹಂಕಾರದ ಲೆಕ್ಕಕ್ಕೆ ಹೋಗುತ್ತದೆ ಎನ್ನುತ್ತದೆ ಬೆನೆಡಿಕ್ಟರ ನಿಯಮದ 49ನೇ ಅಧ್ಯಾಯ. ಹೆರೋನನಿಗೆ ತಪ್ಪಿದ್ದು ಈ ಒಂದು ಹೆಜ್ಜೆ. ಮಾಡಿದ ಮೇಲೆ ಆಗಲಿಲ್ಲ ಎಂದಾದರೆ ಹಾಗೆಂದೇ ಹೇಳಿ. ಅನನೀಯನಿಗೆ ಪೇತ್ರ ಹೇಳಿದ್ದನ್ನು ನೆನಪಿಸಿಕೊಳ್ಳಿ: ಮಾರುವ ಮೊದಲು ಹೊಲ ನಿನ್ನದೇ, ಮಾರಿದ ಮೇಲೆ ಹಣವೂ ನಿನ್ನ ಕೈಯಲ್ಲೇ ಇತ್ತು. ಅವನು ಸಿಕ್ಕಿಬಿದ್ದದ್ದು ಆ ಹಣದ ಒಂದು ಭಾಗ ಮಾತ್ರ ಕೊಟ್ಟು ಪೂರ್ತಿ ಎಂದದ್ದಕ್ಕೆ. ಬೆನೆಡಿಕ್ಟರಿಗೆ ಇದೂ ಗೊತ್ತಿತ್ತು. ವರ್ಷವಿಡೀ ಪರೀಕ್ಷಿಸಿ, ಆಸ್ತಿಯನ್ನೆಲ್ಲ ಬಿಡಿಸಿ, ಪ್ರತಿಜ್ಞೆ ಮಾಡಿಸಿಕೊಂಡ ಮೇಲೂ ಹೊಸಬನ ಹಳೆಯ ಬಟ್ಟೆಯನ್ನು ಎಸೆಯುವ ಹಾಗಿಲ್ಲ. ಎಂದಾದರೂ ಅವನು ಮಠ ಬಿಟ್ಟು ಹೊರಟರೆ ಉಟ್ಟುಕೊಂಡು ಹೋಗಲಿ ಎಂದು ಬಟ್ಟೆಯ ಕೋಣೆಯಲ್ಲಿ ಮಡಿಸಿ ಇಡಬೇಕು.