ಘೋಷಣೆ ಬಿಡಿ, ಬಣ್ಣ ನೋಡಿ

ಕೇಳುಗರಿಗೆ ನಮಸ್ಕಾರ. ಇಟಲಿಯ ಕಾರ್ಮಿಕರ ಪೋಸ್ಟರುಗಳಲ್ಲಿ ಪದೇ ಪದೇ ಬರುವ ಚಿತ್ರವೊಂದಿದೆ. ಮುಂದೆ ಇಬ್ಬರು ಗಂಡಸರು, ಮಗುವನ್ನೆತ್ತಿಕೊಂಡ ಬರಿಗಾಲ ಹೆಂಗಸು, ಹಿಂದೆ ಕೂಲಿಕಾರರ ದಂಡು. ಹೆಸರು 'ನಾಲ್ಕನೆಯ ವರ್ಗ', ಅಂದರೆ ದುಡಿಯುವ ಜನ. ಚಿತ್ರ ಊರಿಗೆಲ್ಲ ಗೊತ್ತು, ಬರೆದವನನ್ನು ಕೇಳುವವರಿಲ್ಲ. ಆತ 1868ರಲ್ಲಿ ಹುಟ್ಟಿದ ಜುಸೆಪ್ಪೆ ಪೆಲ್ಲಿತ್ಸಾ, ಉತ್ತರ ಇಟಲಿಯ ವೊಲ್ಪೇದೊ ಹಳ್ಳಿಯವನು. ನಾನು ಹೇಳುವುದು ಒಂದೇ ಮಾತು: ಘೋಷಣೆ ಬಿಡಿ, ಬಣ್ಣ ನೋಡಿ.

ಹಳದಿ, ನೇರಳೆ ಎರಡನ್ನೂ ತಟ್ಟೆಯಲ್ಲಿ ಕಲಸಿದರೆ ಮಂಕು ಕಂದು ಬರುತ್ತದೆ. ಪೆಲ್ಲಿತ್ಸಾ ಕಲಸುವುದಿಲ್ಲ. ಸಣ್ಣ ಕುಂಚದಿಂದ ಹಳದಿಯದೊಂದು ಎಳೆ, ಪಕ್ಕದಲ್ಲೇ ನೇರಳೆಯದೊಂದು ಎಳೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಿರುವ ರೇಷ್ಮೆ ಸೀರೆಯಂತೆ, ದೂರ ನಿಂತವರ ಕಣ್ಣಲ್ಲೇ ಅವು ಬೆರೆಯುತ್ತವೆ, ಹೊಳಪು ಉಳಿಯುತ್ತದೆ. ಎಳೆ ದಪ್ಪವಾದರೆ ಬೆರೆಯುವುದಿಲ್ಲ, ಚುಕ್ಕೆ ಚುಕ್ಕೆಯಾಗಿಯೇ ಉಳಿಯುತ್ತದೆ. ಹಸಿ ಎಳೆಯ ಮೇಲೆ ಇನ್ನೊಂದು ಎಳೆದರೆ ಕದಡಿ ರಾಡಿ. ಎಣ್ಣೆಬಣ್ಣ ಒಣಗುವ ತನಕ ಕಾಯಲೇಬೇಕು.

ಈಗ ಆ ಚಿತ್ರದ ಪಾಡು ಕೇಳಿ. 1892ರಲ್ಲಿ ಮೊದಲ ರೂಪ, ಅದು ಒಪ್ಪಿಗೆಯಾಗದೆ ಎರಡನೆಯದು, ಅದನ್ನೂ ಬಿಟ್ಟು 1898ರಲ್ಲಿ ಮೂರನೆಯದು. ಹಳ್ಳಿಯವರನ್ನೇ ಕರೆದು ನಿಲ್ಲಿಸಿದ. ಮಗುವನ್ನೆತ್ತಿಕೊಂಡ ಹೆಂಗಸಿಗೆ ಹೆಂಡತಿ ತೆರೇಸಾಳೇ ಮಾದರಿ. ಮುಗಿದದ್ದು 1901ರಲ್ಲಿ: ಅಗಲ 545 ಸೆಂಟಿಮೀಟರ್, ಎತ್ತರ 293. ಮರುವರ್ಷ ತೂರಿನ್ ಪ್ರದರ್ಶನಕ್ಕಿಟ್ಟರೆ ಬಹುಮಾನವೂ ಇಲ್ಲ, ಕೊಳ್ಳುವವರೂ ಇಲ್ಲ. 1907ರಲ್ಲಿ ತೆರೇಸಾ ತೀರಿಕೊಂಡಳು. ಆ ಜೂನ್‌ನಲ್ಲಿ ಆತ ತನ್ನ ಸ್ಟುಡಿಯೋದಲ್ಲೇ ನೇಣು ಹಾಕಿಕೊಂಡ. ಕೊನೆಗೆ 1920ರಲ್ಲಿ ಮಿಲಾನ್ ಜನ ಚಂದಾ ಎತ್ತಿ 50,000 ಲೀರಾ ಕೊಟ್ಟು ನಗರಕ್ಕಾಗಿ ಕೊಂಡರು. ಫ್ಯಾಸಿಸ್ಟರ ಕಾಲದಲ್ಲಿ ಮತ್ತೆ ಉಗ್ರಾಣ ಸೇರಿತು! ಯುದ್ಧ ಮುಗಿದ ಮೇಲೆ ನಗರಸಭೆಯ ಕಟ್ಟಡದಲ್ಲಿ ತೂಗುಹಾಕಿದರು. 2010ರಿಂದ ಇಪ್ಪತ್ತನೆಯ ಶತಮಾನದ ಮ್ಯೂಸಿಯಂನಲ್ಲಿತ್ತು, 2022ರಲ್ಲಿ ಮಿಲಾನಿನದೇ ಆಧುನಿಕ ಕಲಾ ಗ್ಯಾಲರಿಗೆ ಹೋಯಿತು.

ಇಷ್ಟೆಲ್ಲ ಆದರೂ ಜನ ಅಂಗೈಯಗಲದ ಅಚ್ಚು ನೋಡಿ 'ಓ, ಕಂದು ಚಿತ್ರ' ಅನ್ನುತ್ತಾರೆ. ಕಂದೇ ಕಾಣುತ್ತದೆ ಸ್ವಾಮಿ, ಐದೂವರೆ ಮೀಟರನ್ನು ಅಂಗೈಗೆ ಇಳಿಸಿದರೆ ಎಳೆಗಳೆಲ್ಲಿ ಉಳಿಯಬೇಕು?

ಹೊತ್ತಾಯಿತು. ಪೆಲ್ಲಿತ್ಸಾನದೇ 1904ರ 'ಸೂರ್ಯ' ಚಿತ್ರದ ಬಗ್ಗೆ ಎರಡೇ ಮಾತು. ಅದರಲ್ಲಿ ಮನುಷ್ಯರಿಲ್ಲ, ಘೋಷಣೆಯೂ ಇಲ್ಲ, ಬೆಟ್ಟದ ಮೇಲೇರುವ ಬೆಳಕು ಮಾತ್ರ. ರೋಮಿನ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಹೋದವರು ಮೊದಲು ಹತ್ತಿರ ನಿಂತು ಎಳೆಗಳನ್ನು ನೋಡಿ, ಆಮೇಲೆ ಅವು ಒಂದಾಗುವ ತನಕ ಹಿಂದೆ ಸರಿಯಿರಿ. ನಮಸ್ಕಾರ.