ಗುಳೆಯ ಲೆಕ್ಕ: ಆಗಸ್ಟ್ ಮಳೆಯಿಂದ ದೀಪಾವಳಿಯ ಬಸ್ಸಿನವರೆಗೆ

[ದೃಶ್ಯ: ರಾತ್ರಿ ಬಸ್ ನಿಲ್ದಾಣ. ಬಸ್ಸಿನ ಡಿಕ್ಕಿಯೊಳಗೆ ಜೋಳದ ಹಿಟ್ಟಿನ ಚೀಲ, ಅಲ್ಯುಮಿನಿಯಂ ಪಾತ್ರೆ, ಸುತ್ತಿಟ್ಟ ಹಾಸಿಗೆ, ಎರಡು ಸಲಿಕೆ.]

ದೀಪಾವಳಿ ಮುಗಿದ ವಾರ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಹೊರಡುವ ಬಸ್ಸುಗಳಲ್ಲಿ ಇಂಥ ಸಾಮಾನು ಹೆಚ್ಚು. ತಿಂಗಳೆರಡು ತಿಂಗಳಿಗೆ ಆಗುವಷ್ಟು ಹಿಟ್ಟು ಕಟ್ಟಿಕೊಂಡು ಹೋದರೆ ಅದು ಊರು ಸುತ್ತೋಕಲ್ಲ, ಗುಳೆ, ಅಂದ್ರೆ ಕೂಲಿ ಹುಡುಕಿಕೊಂಡು ಕೆಲವು ತಿಂಗಳು ಊರು ಬಿಡೋದು. ಬರ ಬಿದ್ದ ವರ್ಷ ಟಿವಿಯವರು ಬೀಗ ಹಾಕಿದ ಮನೆ ತೋರಿಸ್ತಾರೆ. ಅಷ್ಟು ಹೊತ್ತಿಗೆ ತೀರ್ಮಾನ ಆಗಿ ಎರಡು ತಿಂಗಳಾಗಿರುತ್ತೆ. ಆ ತೀರ್ಮಾನ ಯಾವ ವಾರದಲ್ಲಿ ಆಗುತ್ತೆ, ಅದಕ್ಕೆ ಮುಂಚೆ ಊರಿಗೆ ಏನು ತಲುಪಬೇಕಿತ್ತು ಅನ್ನೋದು ಇವತ್ತಿನ ವಿಷಯ.

[ಗ್ರಾಫಿಕ್ಸ್: ಜೂನ್‌ನಿಂದ ನವೆಂಬರ್‌ವರೆಗಿನ ಕ್ಯಾಲೆಂಡರ್ ಪಟ್ಟಿ.]

ಮೊದಲು ಮಣ್ಣು ನೋಡೋಣ. ಮಸಾರಿ, ಅಂದ್ರೆ ಕೆಂಪು ಮಣ್ಣಿನ ಹೊಲದವರು ಜೂನ್-ಜುಲೈನಲ್ಲಿ ಸಜ್ಜೆ, ತೊಗರಿ, ಶೇಂಗಾ ಬಿತ್ತುತ್ತಾರೆ. ಇವರಿಗೆ ಆಗಸ್ಟ್ ಕೈಕೊಟ್ಟರೆ ಕತೆ ಮುಗೀತು. ಎರೆ, ಅಂದ್ರೆ ಕಪ್ಪು ಮಣ್ಣಿನ ಹೊಲದವರು ಮುಂಗಾರಿ ನೀರನ್ನು ಮಣ್ಣಲ್ಲಿ ಹಿಡಿದಿಟ್ಟುಕೊಂಡು, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ, ಕಡಲೆ ಅದರ ಹಿಂದೆಯೇ. ಇವರ ಕೈಯಲ್ಲಿ ಇನ್ನೊಂದು ತಿಂಗಳು ಇರುತ್ತೆ. ಹೊಲವೇ ಇಲ್ಲದವರ ಸ್ಥಿತಿ ಬೇರೆ. ಬೆಳೆ ಒಣಗುವ ಮೊದಲೇ ಕಳೆ ತೆಗೆಯುವ ಕೂಲಿ ನಿಂತುಹೋಗುತ್ತೆ, ಹಾಗಾಗಿ ಮೊದಲು ಹೊರಡೋದೂ ಇವರೇ. ಬರ ಪರಿಹಾರದ ಪಟ್ಟಿಯಲ್ಲಿ ಮಾತ್ರ ಇವರ ಹೆಸರು ಇರಲ್ಲ, ಯಾಕಂದ್ರೆ ಪಟ್ಟಿ ಪಹಣಿ ನೋಡಿ ಆಗುತ್ತೆ.

ಇನ್ನು ಮುಂಗಡ. ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೋ ಬೆಳಗಾವಿ ಕಡೆಗೋ ಹೋಗುವ ಗ್ಯಾಂಗುಗಳಿಗೆ ಮುಕದ್ದಮ, ಅಂದ್ರೆ ಆಳು ಕೂಡಿಸುವ ಗುತ್ತಿಗೆದಾರ, ಮಳೆಗಾಲದಲ್ಲೇ ಹಣ ಹಂಚುತ್ತಾನೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಅಂತ ಲೆಕ್ಕ, ಮುಂಗಡವೂ ಜೋಡಿಗೇ. ಒಮ್ಮೆ ಹಣ ತಗೊಂಡ ಮೇಲೆ ಸೆಪ್ಟೆಂಬರ್‌ನಲ್ಲಿ ಎಷ್ಟೇ ಚೆನ್ನಾಗಿ ಮಳೆ ಬರಲಿ, ಹೋಗಲೇಬೇಕು. ಕಟ್ಟಡದ ಕೆಲಸದಲ್ಲೂ ಮೇಸ್ತ್ರಿ ಮುಂಗಡ ಕೊಡ್ತಾನೆ, ಹಿಡಿತ ಸ್ವಲ್ಪ ಸಡಿಲ. ಅಂದ್ರೆ ಬಸ್ಸು ಹೊರಡೋದು ನವೆಂಬರ್‌ನಲ್ಲಿ, ತೀರ್ಮಾನ ಆಗೋದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ.

[ಗ್ರಾಫಿಕ್ಸ್: ಅದೇ ಪಟ್ಟಿಯ ಮೇಲೆ 2023-24ರ ದಿನಾಂಕಗಳು ಒಂದೊಂದಾಗಿ ಮೂಡುತ್ತವೆ.]

ಈಗ 2023ನ್ನು ಇದರ ಮೇಲೆ ಇಡೋಣ. ಎಲ್ ನಿನೊ ವರ್ಷ, ಅಂದ್ರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚಿರುವ ವರ್ಷ. ದೇಶದ ಮಟ್ಟದಲ್ಲಿ ಆ ಆಗಸ್ಟ್ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಸೆಪ್ಟೆಂಬರ್ 13ಕ್ಕೆ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಅದು 236ರಲ್ಲಿ 223ಕ್ಕೆ ಏರಿತು. ಘೋಷಣೆ ತಡ ಅನ್ನುವಂತಿಲ್ಲ. ದುಡ್ಡು? ಮೊದಲ ಕಂತಾಗಿ ರೈತರಿಗೆ ತಲಾ 2,000 ರೂಪಾಯಿವರೆಗೆ ರಾಜ್ಯ ಕೊಟ್ಟಿದ್ದು 2024ರ ಜನವರಿಯಲ್ಲಿ. ಕೇಂದ್ರದ ಹಣ ಬಂದದ್ದು ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಏಪ್ರಿಲ್ ಕೊನೆಗೆ. ಗುಳೆ ಹೋದವರು ಯುಗಾದಿಗೆ ಊರಿಗೆ ಬಂದು ಮತ್ತೆ ತಿರುಗಿ ಹೋಗಿದ್ದ ಹೊತ್ತು ಅದು.

ಮೊತ್ತವನ್ನೂ ನೋಡಿ. ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಮಳೆಯಾಶ್ರಿತ ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ ಮಾತ್ರ. ಎಕರೆಗೆ ಸುಮಾರು 3,440. ಆ ವರ್ಷ ಉದ್ಯೋಗ ಖಾತ್ರಿಯ ದಿನಗೂಲಿ 316 ರೂಪಾಯಿ ಇತ್ತು. ಗಂಡ ಹೆಂಡತಿ ಇಬ್ಬರೂ ಐದೂವರೆ ದಿನ ದುಡಿದರೆ ಬರುವ ಹಣಕ್ಕೂ ಒಂದು ಎಕರೆ ಬೆಳೆ ಹೋದದ್ದಕ್ಕೆ ಸಿಗುವ ಹಣಕ್ಕೂ ವ್ಯತ್ಯಾಸವಿಲ್ಲ. ಇದನ್ನು ನಂಬಿಕೊಂಡು ಊರಲ್ಲಿ ಉಳೀರಿ ಅಂದ್ರೆ ಯಾರು ಉಳಿತಾರೆ?

[ದೃಶ್ಯ: ಬಿರುಕು ಬಿಟ್ಟ ಎರೆ ಹೊಲ. ಕಟ್ ಮಾಡಿದರೆ ಕೃಷ್ಣಾ ದಂಡೆಯಲ್ಲಿ ಮುಳುಗಿದ ಕಬ್ಬು.]

ಹವಾಮಾನ ಬದಲಾವಣೆಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಬರ ಇಲ್ಲಿಗೆ ಹೊಸದಲ್ಲ, ಗುಳೆಯೂ ಹೊಸದಲ್ಲ. ಬಿಸಿ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹಾಗಾಗಿ ಬಂದಾಗ ಮಳೆ ಜೋರು. ಮಳೆ ಬಿಟ್ಟ ದಿನಗಳಲ್ಲಿ ಅದೇ ಬಿಸಿ ಮಣ್ಣಿನ ತೇವವನ್ನು ಬೇಗ ಹೀರುತ್ತೆ. ವರ್ಷದ ಒಟ್ಟು ಮಿಲಿಮೀಟರ್ ಸರಾಸರಿಗೆ ಹತ್ತಿರವೇ ಇದ್ದರೂ ಬೆಳೆ ಒಣಗೋದು ಹೀಗೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ, 2019ರ ಆಗಸ್ಟ್‌ನಲ್ಲಿ ಇದೇ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತ್ತು. ಒಂದೊಂದು ಬರವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟೋದು ತಪ್ಪು. ಸಾಲ, ಭೂಮಿ ಇಲ್ಲದಿರುವುದು, ಊರಿನ ಜಾತಿ ಲೆಕ್ಕಾಚಾರ, ಇವೂ ಜನರನ್ನು ಹೊರಡಿಸುತ್ತವೆ. ಮಳೆ ಇವೆಲ್ಲದರ ಮೇಲೆ ಬೀಳುವ ಕೊನೆಯ ಹೊರೆ.

ವಿಶ್ವಬ್ಯಾಂಕ್ 2021ರಲ್ಲಿ ಹಾಕಿದ ಅಂದಾಜಿನಂತೆ, ಕ್ರಮ ಕೈಗೊಳ್ಳದಿದ್ದರೆ 2050ರ ಹೊತ್ತಿಗೆ ತಮ್ಮ ದೇಶದೊಳಗೇ ನೆಲೆ ಬದಲಿಸಬೇಕಾಗುವವರು 21.6 ಕೋಟಿವರೆಗೆ, ದಕ್ಷಿಣ ಏಷ್ಯಾದಲ್ಲಿ ಸುಮಾರು 4 ಕೋಟಿವರೆಗೆ. ಆರು ತಿಂಗಳು ಹೋಗಿ ವಾಪಸ್ ಬರುವ ಗುಳೆ ಈ ಲೆಕ್ಕದಲ್ಲಿ ಸೇರಿಲ್ಲ.

[ಗ್ರಾಫಿಕ್ಸ್: ಒಂದು ಎಕರೆ ಚೌಕ, ಅದರ ಮೇಲೆ 1 ಮಿ.ಮೀ. ನೀರಿನ ಪದರ.]

ಹಾಗಾದ್ರೆ ಊರಿನ ಮಟ್ಟದಲ್ಲಿ ಏನು ಮಾಡಬಹುದು? ನೀರಿನಿಂದ ಶುರು ಮಾಡೋಣ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಸುಮಾರು 4,000 ಲೀಟರ್. ಬಾಡುತ್ತಿರುವ ಬೆಳೆಯನ್ನು ಉಳಿಸೋಕೆ ಸ್ಪ್ರಿಂಕ್ಲರ್‌ನಲ್ಲಿ ಒಮ್ಮೆ 25 ಮಿ.ಮೀ. ಕೊಡಬೇಕಂದ್ರೆ ಎಕರೆಗೆ ಒಂದು ಲಕ್ಷ ಲೀಟರ್ ಬೇಕು. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆನೀರು ಹಿಡಿಯೋಕೆ ತೋಡುವ ಹೊಂಡಗಳಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ್ದು ಒಂದು ಅಳತೆ. ಮೂರನ್ನೂ ಗುಣಿಸಿ 4.32 ಲಕ್ಷ ಲೀಟರ್ ಅಂತ ಹೇಳೋರಿದ್ದಾರೆ. ಅದು ತಪ್ಪು ಲೆಕ್ಕ. ಗೋಡೆ ನೇರ ಇರಲ್ಲ, ಇಳಿಜಾರು ಇರುತ್ತೆ. ಒಂದಕ್ಕೊಂದರ ಇಳಿಜಾರಾದರೆ, ಅಂದ್ರೆ ಪ್ರತಿ ಮೀಟರ್ ಆಳಕ್ಕೆ ಗೋಡೆ ಒಂದು ಮೀಟರ್ ಒಳಕ್ಕೆ ಬಂದರೆ, ತಳ 6 ಮೀಟರ್ ಚೌಕಕ್ಕೆ ಇಳಿಯುತ್ತೆ, ಹಿಡಿಯೋದು 2.52 ಲಕ್ಷ ಲೀಟರ್ ಮಾತ್ರ. ಎರೆ ಮಣ್ಣು ಕುಸಿಯುತ್ತೆ, ಅಲ್ಲಿ ಇಳಿಜಾರು ಇನ್ನೂ ಹೆಚ್ಚು ಬೇಕು, ನೀರು ಇನ್ನೂ ಕಡಿಮೆ.

ತುಂಬೋದು ಹೇಗೆ? ಎರಡು ಎಕರೆ ನೀರು ಹರಿದು ಬರುವ ಜಾಗ ಇದೆ ಅನ್ನಿ. 40 ಮಿ.ಮೀ.ನ ಒಂದು ಜೋರು ಮಳೆಯಲ್ಲಿ ಶೇ 15 ಹರಿದು ಬಂದರೆ ಸುಮಾರು 48,000 ಲೀಟರ್. ಹೊಂಡ ತುಂಬೋಕೆ ಇಂಥ ಮಳೆ ಐದು ಬೇಕು. ಬರದ ವರ್ಷ ಎರಡು ಬಂದರೆ ಹೆಚ್ಚು. ಅಂದ್ರೆ ತೊಂಬತ್ತಾರು ಸಾವಿರ ಲೀಟರ್. ಅದರಲ್ಲಿ ಆವಿಯಾಗಿ ಹೋಗೋದೂ ಇದೆ: ದಿನಕ್ಕೆ 5-6 ಮಿ.ಮೀ. ಅಂದ್ರೂ ತುಂಬಿದ ಹೊಂಡದಲ್ಲಿ ತಿಂಗಳಿಗೆ 20-25 ಸಾವಿರ ಲೀಟರ್. ಕೊನೆಗೆ ಕೈಗೆ ಸಿಗೋದು ಒಂದು ಎಕರೆ ತೊಗರಿಗೆ ಹೂವಿನಲ್ಲೋ ಕಾಯಿ ತುಂಬುವಾಗಲೋ ಒಂದು ತೆಳುವಾದ ನೀರು. ಹೊಂಡ ತೋಡಿದರೆ ಗುಳೆ ನಿಲ್ಲುತ್ತೆ ಅಂತ ಭಾಷಣ ಮಾಡೋರಿಗೆ ಈ ಲೆಕ್ಕ ತೋರಿಸಬೇಕು. ಆದರೂ ಆ ಒಂದು ಎಕರೆ ದೊಡ್ಡದೇ. ಅದು ಉಳಿದರೆ ಮುಂದಿನ ವರ್ಷದ ಬೀಜಕ್ಕೆ, ಗೊಬ್ಬರಕ್ಕೆ ಮುಂಗಡ ತಗೊಳ್ಳುವ ಪ್ರಮೇಯ ಬರಲ್ಲ.

[ದೃಶ್ಯ: ಹತ್ತಿರದಿಂದ, ಒಣಗಿದ ಹೊಂಡದ ಅಂಚು. ತೋಡಿದ ಮಣ್ಣು ಅಂಚಿಗೇ ಒತ್ತಿ ರಾಶಿ ಬಿದ್ದಿದೆ, ಮಳೆನೀರು ಕೊರೆದ ಗೆರೆಗಳು ಒಳಕ್ಕೆ ಇಳಿದಿವೆ.]

ಈ ಚಿತ್ರ ನೋಡಿ. ತೋಡಿದ ಮಣ್ಣನ್ನು ಅಂಚಿನಿಂದ ಒಂದು-ಒಂದೂವರೆ ಮೀಟರ್ ದೂರ ಹಾಕಬೇಕಿತ್ತು. ಜೆಸಿಬಿಯವನಿಗೆ ಗಂಟೆ ಲೆಕ್ಕ, ಪಕ್ಕಕ್ಕೇ ಸುರಿದು ಹೋಗಿದ್ದಾನೆ. ಎರಡು ಮಳೆಗೆ ಅದೇ ಮಣ್ಣು ಹೊಂಡಕ್ಕೆ ವಾಪಸ್. ಇದಕ್ಕಿಂತ ದೊಡ್ಡ ತಪ್ಪು ಜಾಗದ್ದು. ರಸ್ತೆ ಪಕ್ಕ ಫೋಟೋಗೆ ಚೆನ್ನಾಗಿ ಕಾಣುತ್ತೆ ಅಂತಲೋ, ಒಳ್ಳೆ ಮಣ್ಣು ಹಾಳಾಗಬಾರದು ಅಂತಲೋ ಹೊಲದ ಎತ್ತರದ ಮೂಲೆಯಲ್ಲಿ ತೋಡಿದರೆ ನೀರು ಅಲ್ಲಿಗೆ ಹತ್ತಿ ಬರಲ್ಲ. ತೋಡುವ ಮುಂಚೆ ಒಂದು ಜೋರು ಮಳೆಯಲ್ಲಿ ಹೊಲದಲ್ಲಿ ನಿಂತು ನೀರು ಹರಿಯೋ ದಾರಿಗೆ ಗೂಟ ಹೊಡೆದು ಬಂದರೆ ಸಾಕು, ಬೇರೆ ಸರ್ವೆ ಬೇಡ.

ನೀರು ಒಳಗೆ ಬರುವ ಬಾಯಿಯ ಮುಂದೆ ಎರಡು ಮೀಟರ್ ಉದ್ದಗಲ, ಒಂದು ಮೀಟರ್ ಆಳದ ಹೂಳು ಗುಂಡಿ ಇರಬೇಕು. ಹೆಚ್ಚಾದ ನೀರು ಹೊರಗೆ ಹೋಗೋಕೆ ಕಲ್ಲು ಹಾಸಿದ ಕೋಡಿ ಬೇಕು, ಇಲ್ಲದಿದ್ದರೆ ನೀರು ತನಗೆ ಬೇಕಾದ ಕಡೆ ಅಂಚು ಒಡೆದು ಹೋಗುತ್ತೆ. ಮಸಾರಿಯಲ್ಲಿ ಪಾಲಿಥಿನ್ ಹಾಳೆ ಹಾಸದೆ ಬೇರೆ ದಾರಿಯಿಲ್ಲ, ವಾರದಲ್ಲಿ ಇಂಗಿ ಹೋಗುತ್ತೆ. ಎರೆಯಲ್ಲಿ ಹಾಳೆ ಬೇಡ, ಆದರೆ ಒಣ ಬಿರುಕುಗಳು ಮೊದಲ ಮಳೆಯ ನೀರನ್ನು ನುಂಗುತ್ತವೆ ಅನ್ನೋದು ಗೊತ್ತಿರಲಿ. ತಂತಿ ಬೇಲಿಯನ್ನು ಖರ್ಚು ಅಂತ ಬಿಡಬೇಡಿ. ಹಾಳೆ ಹಾಸಿದ ಹೊಂಡಕ್ಕೆ ಜಾರಿ ಬಿದ್ದ ಮಗು ಹತ್ತಿ ಬರೋಕೆ ಆಗಲ್ಲ. ಒಂದು ಮೂಲೆಗೆ ಗಂಟು ಹಾಕಿದ ಹಗ್ಗ ಕಟ್ಟಿ ಇಳಿಬಿಡಿ.

ಎರೆ ಹೊಲಕ್ಕೆ ಹೊಂಡಕ್ಕಿಂತ ಅಗ್ಗದ ಕೆಲಸ ಚೌಕು ಮಡಿ. ಮುಂಗಾರಿಯಲ್ಲಿ, ಹೊಲ ಖಾಲಿ ಇರುವಾಗ, 10ರಿಂದ 15 ಅಡಿ ಚೌಕಗಳನ್ನು ಅರ್ಧ ಅಡಿ ಎತ್ತರದ ಬದುಗಳಿಂದ ಕಟ್ಟೋದು. ಇಳಿಜಾರು ಹೆಚ್ಚಿದ್ದರೆ ಚೌಕ ಚಿಕ್ಕದು. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತೆ, ಸೆಪ್ಟೆಂಬರ್‌ನಲ್ಲಿ ಜೋಳದ ಬಿತ್ತನೆಗೆ ತೇವ ಸಿಗುತ್ತೆ. ತೊಂದರೆ ಎಲ್ಲಿ ಅಂದ್ರೆ, ಇದನ್ನು ಆಗಸ್ಟ್ ಮಳೆ ಬಿದ್ದ ಮೇಲೆ ಮಾಡೋಕೆ ಹೋಗ್ತಾರೆ. ಆಗ ಎರೆ ಕಾಲಿಗೆ ಅಂಟುತ್ತೆ, ಎತ್ತು ಇಳಿಯಲ್ಲ. ಜೂನ್-ಜುಲೈನಲ್ಲೇ ಆಗಬೇಕು.

[ದೃಶ್ಯ: ಪಂಚಾಯಿತಿ ಕಟ್ಟೆ. ಮೇಜಿನ ಮೇಲೆ ಅರ್ಜಿ, ಸ್ವೀಕೃತಿ ಚೀಟಿ, ಮೊಹರು.]

ಮುಂದಿನದು ಕೂಲಿ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಬಲ ಇದ್ದದ್ದು ಒಂದು ಚೀಟಿಯಲ್ಲಿ. ನಮೂನೆ 6ರಲ್ಲಿ ಕೆಲಸ ಕೇಳಿ, ದಿನಾಂಕ ಹಾಕಿದ ಸ್ವೀಕೃತಿ ತಗೊಂಡರೆ 15 ದಿನದಲ್ಲಿ ಕೆಲಸ ಕೊಡಬೇಕು, ತಪ್ಪಿದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕೂಲಿಯ ಕನಿಷ್ಠ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ. ಬಾಯಲ್ಲಿ ಕೇಳಿದವರಿಗೆ ಬಾಯಲ್ಲೇ ಉತ್ತರ ಸಿಗ್ತಿತ್ತು. ಚೀಟಿ ಇಲ್ಲ ಅಂದ್ರೆ ಬೇಡಿಕೆಯೇ ಇಲ್ಲ, ಮೇಲಿನವರಿಗೆ ಹೋಗುವ ಅಂಕಿಯಲ್ಲಿ ಆ ಊರಿಗೆ ಕೆಲಸವೇ ಬೇಕಿಲ್ಲ ಅಂತ ಕಾಣುತ್ತೆ. 2023ರ ಜನವರಿಯಿಂದ ಹಾಜರಿ ಮೊಬೈಲ್ ಆ್ಯಪಿನಲ್ಲಿ, ದಿನಕ್ಕೆರಡು ಫೋಟೋ. ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ಫೋಟೋ ಏರದಿದ್ದರೆ ಆ ದಿನದ ಬೆವರಿಗೆ ಬೆಲೆ ಇಲ್ಲ. ಮೇಸ್ತ್ರಿ ಕೈಗೆ ನಗದು ಕೊಡ್ತಾನೆ, ಇಲ್ಲಿ ಖಾತೆಗೆ ಯಾವಾಗ ಬರುತ್ತೋ ಗೊತ್ತಿಲ್ಲ. ಜನ ದಡ್ಡರಲ್ಲ, ಹೋಲಿಸಿ ನೋಡಿಯೇ ಬಸ್ಸು ಹತ್ತುತ್ತಾರೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಬದಲಿಗೆ ಒಪ್ಪಿದ ಹೊಸ ಕಾಯ್ದೆ ದಿನಗಳನ್ನು 100ರಿಂದ 125ಕ್ಕೆ ಏರಿಸಿದೆ. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ 60 ದಿನದವರೆಗೆ ಕೆಲಸ ನಿಲ್ಲಿಸುವುದೂ ಅದರಲ್ಲಿದೆ. ಬಿತ್ತನೆಯೇ ಆಗದ ವರ್ಷ ಆ 60 ದಿನಗಳು ಆಗಸ್ಟ್-ಸೆಪ್ಟೆಂಬರ್ ಮೇಲೆ ಬಿದ್ದರೆ, ಮುಕದ್ದಮನ ಕೆಲಸ ಸರ್ಕಾರವೇ ಸುಲಭ ಮಾಡಿಕೊಟ್ಟಂತೆ.

[ದೃಶ್ಯ: ಬೆಂಗಳೂರಿನ ಹೊರವಲಯ. ತಗಡಿನ ಶೆಡ್ಡುಗಳು, ನೀಲಿ ತಾಡಪಾಲು, ಸಾಲಾಗಿಟ್ಟ ಬಿಂದಿಗೆಗಳು.]

ಇಷ್ಟೆಲ್ಲ ಮಾಡಿದರೂ ಹೋಗುವವರು ಹೋಗ್ತಾರೆ, ಹೋಗುವುದೇ ತಪ್ಪು ಅನ್ನುವಂತೆ ಮಾತಾಡೋದು ಬೇಡ. ನಗರದಲ್ಲಿ ದುಡಿದ ಹಣದಿಂದಲೇ ಊರಲ್ಲಿ ಮನೆ ಎದ್ದಿವೆ, ಸಾಲ ತೀರಿವೆ. ಸಮಸ್ಯೆ ಇರೋದು ಯಾವ ತಯಾರಿಯೂ ಇಲ್ಲದೆ ಕೈಬೀಸಿಕೊಂಡು ಹೋಗುವುದರಲ್ಲಿ. ಅಲ್ಲೂ ನೀರು ಸುಲಭ ಅಂದುಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಸುಮಾರು 13,900 ಸಾರ್ವಜನಿಕ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಟ್ಯಾಂಕರ್ ಶೆಡ್ಡಿನ ಸಾಲಿಗೆ ಕೊನೆಗೆ ಬರುತ್ತೆ.

ಪಡಿತರ ಮೊದಲು. ಒಂದೇ ಕಾರ್ಡಿನ ಅಕ್ಕಿಯಲ್ಲಿ ಒಂದು ಪಾಲನ್ನು ಊರಲ್ಲಿರುವ ಅಜ್ಜ ಅಜ್ಜಿ, ಉಳಿದ ಪಾಲನ್ನು ಹೋದವರು ಬೇರೆ ಊರಲ್ಲಿ ತಗೊಳ್ಳಬಹುದು. ಬೇರೆ ರಾಜ್ಯದಲ್ಲಾದರೆ ಕೇಂದ್ರದ ಪಾಲು ಮಾತ್ರ ಸಿಗುತ್ತೆ, ರಾಜ್ಯ ಕೊಡುವ ಹೆಚ್ಚುವರಿ ಸಿಗಲ್ಲ. ಹೊರಡುವ ಮುಂಚೆ ಎಲ್ಲರ ಇ-ಕೆವೈಸಿ ಮುಗಿಸಿ. ಸಿಮೆಂಟು, ಕಬ್ಬಿನ ರವದಿ (ಒಣ ಎಲೆ) ಮುಟ್ಟಿ ಬೆರಳು ಸವೆದವರ ಹೆಬ್ಬೆಟ್ಟು ಯಂತ್ರಕ್ಕೆ ಸಿಗಲ್ಲ, ಹತ್ತು ಬೆರಳನ್ನೂ ನೋಂದಾಯಿಸಿದ್ದರೆ ಯಾವುದೋ ಒಂದು ಕೆಲಸ ಮಾಡುತ್ತೆ.

ಮಕ್ಕಳ ವಿಷಯದಲ್ಲಿ ಎರಡು ದಾರಿ. ಸಮಗ್ರ ಶಿಕ್ಷಣದಡಿ ಋತುಮಾನದ ಹಾಸ್ಟೆಲ್ ತೆರೆಯಬಹುದು, ಆದರೆ ಮಕ್ಕಳ ಪಟ್ಟಿ ಸೆಪ್ಟೆಂಬರ್‌ನಲ್ಲೇ ಹೋಗಬೇಕು. ಡಿಸೆಂಬರ್‌ನಲ್ಲಿ ಮಂಜೂರಾದ ಹಾಸ್ಟೆಲ್ಲಿಗೆ ಮಕ್ಕಳು ಎಲ್ಲಿಂದ ಬರಬೇಕು? ಜೊತೆಗೇ ಕರೆದುಕೊಂಡು ಹೋದರೆ, ಟಿಸಿ ಇಲ್ಲ ಅಂತ ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತೆ.

ಕಟ್ಟಡ ಕೆಲಸದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸೋಕೆ 12 ತಿಂಗಳಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಮೇಸ್ತ್ರಿ ಸಹಿ ಹಾಕೋಕೆ ಹಿಂಜರಿಯುತ್ತಾನೆ, ಸಹಿ ಬಿದ್ದರೆ ತಾನೂ ಕಾಗದದಲ್ಲಿ ಸಿಕ್ಕಿಬೀಳ್ತೀನಿ ಅಂತ. ಕೆಲಸ ಬಿಡುವ ದಿನ ಕೇಳಿದರೆ ಕೊಡಲ್ಲ, ನಡುವೆ ಆಳು ಬೇಕಾದಾಗ ಕೇಳಿ.

[ಗ್ರಾಫಿಕ್ಸ್: ರೂಲು ಹಾಕಿದ ನೋಟ್‌ಬುಕ್ಕಿನ ಪುಟ, ಐದು ಕಾಲಂ.]

ಇದಕ್ಕೆಲ್ಲ ಪಂಚಾಯಿತಿಯಲ್ಲಿ ಒಂದು ಗುಳೆ ಪುಸ್ತಕ ಇಟ್ಟರೆ ಸಾಕು. ಯಾರು ಹೋದರು, ಎಷ್ಟು ಜನ, ಯಾವ ಊರಿಗೆ, ಮನೆಯಲ್ಲಿ ಉಳಿದವರು ಯಾರು, ಕರೆದುಕೊಂಡು ಹೋದ ಮೇಸ್ತ್ರಿಯ ಹೆಸರು ಮತ್ತು ಫೋನ್ ನಂಬರ್. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಇದು ಎರಡು ಸಂಜೆಯ ಕೆಲಸ. ಹೆಚ್ಚಿನವರು ಮೊದಲ ನಾಲ್ಕು ಕಾಲಂ ತುಂಬಿ ಐದನೆಯದು ಬಿಡ್ತಾರೆ. ಮಾರ್ಚ್‌ನಲ್ಲಿ ಕೂಲಿ ಕೊಡದೆ ಓಡಿಸಿದಾಗ ಕಾರ್ಮಿಕ ಇಲಾಖೆಗೆ ದೂರು ಬರೆಯೋಕೆ ಕೂತರೆ, ಮೊದಲು ಕೇಳೋದು ಅದನ್ನೇ.